ಸಹಾಯ ಬೇಕು: ಕೊರ್ಬಿನಿಯನ್ ಅನ್ನೋ ಜರ್ಮನ್ ಹೆಸ್ರು

ಎಲ್ರಿಗೂ ನಮಸ್ಕಾರ, ಜರ್ಮನೀಲಿರೋ ಕನ್ನಡದವ್ರು ಸ್ವಲ್ಪ ಹೇಳ್ತೀರಾ? ನಮ್ಮಕ್ಕ ಮ್ಯೂನಿಕ್ ಹತ್ರ ಫ್ರೈಸಿಂಗ್‌ನಲ್ಲಿದಾಳೆ, ಭಾವ ಅಲ್ಲಿಯವ್ರೇ, ಮಗನಿಗೆ ಕೊರ್ಬಿನಿಯನ್ ಅಂತ ಇಡ್ಬೇಕು ಅಂತಿದಾರೆ. 8ನೇ ಶತಮಾನದಲ್ಲಿ ಆ ಊರಲ್ಲಿದ್ದ ಸಂತರ ಹೆಸ್ರು, ರೋಮ್‌ಗೆ ಹೋಗೋ ದಾರೀಲಿ ಒಂದು ಕರಡಿ ಅವ್ರ ಕುದುರೇನ ಕೊಂದಾಗ ಅದರ ಬೆನ್ನ ಮೇಲೇ ಗಂಟುಮೂಟೆ ಹೊರಿಸಿದ್ರಂತೆ, ಆ ಕರಡಿ ಪೋಪ್ 16ನೇ ಬೆನೆಡಿಕ್ಟ್ ಅವ್ರ ಲಾಂಛನದಲ್ಲೂ ಇದೆ, ನಂಗಂತೂ ಕಥೆ ತುಂಬಾ ಹಿಡಿಸ್ತು. 1909ರಲ್ಲಿ ಮೆದುಳಿನ ಮ್ಯಾಪ್ ಕೊಟ್ಟ ಜರ್ಮನ್ ವಿಜ್ಞಾನಿ ಬ್ರಾಡ್‌ಮನ್ ಅವ್ರ ಮೊದಲ ಹೆಸ್ರೂ ಇದೇ. ಆದ್ರೆ ಲ್ಯಾಟಿನ್ನಲ್ಲಿ ಕಾಗೆ ಜಾತಿ ಹಕ್ಕಿಗಿರೋ ಪದದಿಂದ ಬಂದಿದ್ದು ಅಂತಾರಲ್ಲ, ಅದಕ್ಕೆ ಅಮ್ಮ ಬೇಜಾರಾಗಿದಾರೆ. ಬೇರೆ ಅರ್ಥ ಏನಾದ್ರೂ ಇದ್ಯಾ? ಫ್ರೈಸಿಂಗ್ ಇರೋ ಬವೇರಿಯಾ ರಾಜ್ಯ ಬಿಟ್ಟು ಬರ್ಲಿನ್, ಹ್ಯಾಂಬರ್ಗ್ ಕಡೆ ಈಗಿನ ಮಕ್ಳಿಗೆ ಇಡ್ತಾರಾ, ಸ್ಕೂಲಲ್ಲಿ ವಿಚಿತ್ರ ಅನ್ಸಲ್ವಾ? ನಾಮಕರಣ ಹತ್ರ ಬಂತು, ಗೊತ್ತಿರೋರು ದಯವಿಟ್ಟು ಬೇಗ ತಿಳಿಸಿ.