ಬಿಡಿಎಸ್ ಸೇರುವ ತಂಗಿಗೆ ಏನು ಹೇಳಲಿ?

ಬದಿಯಡ್ಕದಿಂದ: ತಂಗಿಗೆ ಮಂಗಳೂರಿನಲ್ಲಿ ಬಿಡಿಎಸ್ (ದಂತವೈದ್ಯ ಪದವಿ) ಸೀಟು ಸಿಕ್ಕಿದೆ. ಹತ್ತರವರೆಗೆ ಕನ್ನಡ ಮಾಧ್ಯಮ. ಮೊದಲ ವರ್ಷ ಹೇಗಿರುತ್ತದೆ? ಮನೆಯಿಂದಲೇ ಹೋಗಿ ಬರಬಹುದೇ? ಬಲ್ಲವರು ತಿಳಿಸಿ.

ಕುಂಬಳೆಯಿಂದ, ಇಂಟರ್ನ್‌ಶಿಪ್‌ನಲ್ಲಿರುವವಳು: ಅಣ್ಣ, ಮೊದಲ ವರ್ಷ ರೋಗಿಯ ಬಾಯಿಗೆ ಕೈಹಾಕುವುದಿಲ್ಲ ಎಂದು ಅವಳಿಗೆ ಈಗಲೇ ಹೇಳಿಬಿಡಿ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಓದುವುದರಲ್ಲೇ ವರ್ಷ ಕಳೆಯುತ್ತದೆ. ಜೊತೆಗೆ ಹಲ್ಲುಗಳ ರಚನೆ ಕಲಿಸುವ ಡೆಂಟಲ್ ಅನಾಟಮಿ. ಕಣ್ಣೀರು ಹಾಕಿಸುವುದು ಇದೇ. ಮೇಣದ ಕಟ್ಟಿಯನ್ನು ಕೆತ್ತಿ ಹಲ್ಲು ಮಾಡಬೇಕು. ಬಾಚಿಹಲ್ಲು ಹೇಗೋ ಆಗುತ್ತದೆ, ದವಡೆಹಲ್ಲಿನ ಉಬ್ಬುತಗ್ಗು ಮಾತ್ರ ಬೇಗ ಕೈಗೆ ಒಲಿಯುವುದಿಲ್ಲ. ನಮ್ಮ ಮೇಡಂ ಒಪ್ಪಿಗೆಯಾಗದ ಕೆತ್ತನೆಯನ್ನು ಅಲ್ಲೇ ಮುರಿದು ಹಾಕುತ್ತಿದ್ದರು. ಹಲ್ಲುಗಳನ್ನು ಸಂಖ್ಯೆಯಿಂದ ಕರೆಯುತ್ತಾರೆ: ಮೇಲಿನ ಬಲಗಡೆಯ ಮೊದಲ ದವಡೆಹಲ್ಲು 16, ಕೆಳಗಿನ ಎಡಗಡೆಯದು 36. ಎಡ, ಬಲ ರೋಗಿಯದ್ದು, ನಮ್ಮದಲ್ಲ. ಇದನ್ನು ಮರೆತರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತಾಳೆ.

ಇಂಗ್ಲಿಷ್‌ಗೆ ಹೆದರುವುದು ಬೇಡ. ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಎಂಬ ಸ್ನಾಯುವಿನ ಹೆಸರು ಇಂಗ್ಲಿಷ್ ಮಾಧ್ಯಮದವರಿಗೂ ಹೊಸತೇ. ಕಷ್ಟವೇನಿದ್ದರೂ ಬಾಯಿ ಬಿಟ್ಟು ಉತ್ತರ ಹೇಳುವುದರಲ್ಲಿ. ಸಂಜೆ ಗೆಳತಿಯೊಬ್ಬಳ ಎದುರು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಲಿ.

ಉಪ್ಪಳದಿಂದ, ಮಗ ಮೂರನೆಯ ವರ್ಷದಲ್ಲಿದ್ದಾನೆ: ನಮಗೆ ರೈಲು ಹತ್ತಿರ, ಅವನು ಹೋಗಿ ಬರುತ್ತಾನೆ. ಬದಿಯಡ್ಕದಿಂದ ಬಸ್ಸು ಹಿಡಿದು, ಆಮೇಲೆ ರೈಲು ಹತ್ತಿ ದಿನವೂ ಓಡಾಡಿದರೆ ಓದುವುದು ಯಾವಾಗ? ಮೊದಲ ವರ್ಷವಾದರೂ ಹಾಸ್ಟೆಲ್ ಇರಲಿ. ಶುಲ್ಕವನ್ನಷ್ಟೇ ಲೆಕ್ಕ ಹಾಕಬೇಡಿ. ಮೇಣ, ಕೆತ್ತುವ ಉಪಕರಣ, ಪುಸ್ತಕ, ಎರಡನೆಯ ವರ್ಷದ ಸಾಮಾನುಗಳೆಂದು ಖರ್ಚು ಬರುತ್ತಲೇ ಇರುತ್ತದೆ. ಸೀನಿಯರ್‌ಗಳಿಂದ ಹಳೆಯದನ್ನು ಕೊಂಡರೆ ಉಳಿತಾಯ.

ಮುಳ್ಳೇರಿಯದಿಂದ, ಸ್ವಂತ ಕ್ಲಿನಿಕ್: ಪುಸ್ತಕ ಹಳೆಯದಾಗಲಿ, ಕೆತ್ತುವ ಉಪಕರಣ ಹೊಸದೇ ಇರಲಿ. ಮೊಂಡಾದುದರಲ್ಲಿ ಕೆತ್ತಿದರೆ ಮೇಣ ಸಿಗಿಯುತ್ತದೆ, ಬೈಗುಳ ಮಾತ್ರ ಮಗುವಿಗೆ. ಓದು ನಾಲ್ಕು ವರ್ಷ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೂರನೆಯ ವರ್ಷದಿಂದ ರೋಗಿಗಳು, ಅವರೊಂದಿಗೆ ಕೋಟಾ: ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು. ರೋಗಿ ಸಿಗದೆ ಮಾವ, ಚಿಕ್ಕಮ್ಮ, ಪಕ್ಕದ ಮನೆಯವರನ್ನೆಲ್ಲ ಬಸ್ಸು ಹತ್ತಿಸಿ ಕರೆದೊಯ್ದವರನ್ನು ಬಲ್ಲೆ. ತುಳು, ಮಲಯಾಳ ಎರಡೂ ಬರುವ ನಮ್ಮ ಮಕ್ಕಳು ರೋಗಿಗಳೊಡನೆ ಮಾತಾಡುವುದರಲ್ಲಿ ಮುಂದು. ನಮ್ಮ ಅಡಿಕೆ ಸೀಮೆಯಲ್ಲಿ ಜಗಿದು ಜಗಿದು ಬಾಯಿ ಅಗಲಿಸಲಾಗದವರು ಇದ್ದಾರೆ. ಅಂಥವರ ಮಾತು ಅರ್ಥವಾಗುವವರೇ ವೈದ್ಯರಾಗಬೇಕು. ಕೋಟಾಕ್ಕೆ ಜನ ಕಡಿಮೆ ಬಿದ್ದರೆ ನನಗೆ ತಿಳಿಸಲಿ, ಇಲ್ಲಿಂದ ಕಳುಹಿಸುತ್ತೇನೆ.