ಅಳಿಸಿದ ಆ್ಯಪ್ ಸರ್ವರ್‌ನಲ್ಲಿ ಇನ್ನೂ ಇಂಪೋರ್ಟ್ ಆಗ್ತಿದೆ, ಯಾಕೆ?

ಬಯಲುಸೀಮೆ_ಬೈಟ್:
ಎಲ್ಲರಿಗೂ ನಮಸ್ಕಾರ. ಒಂದು ಪತ್ತಿನ ಸಹಕಾರ ಸಂಘದ ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಸೈಟ್ ನೋಡ್ಕೊಳ್ತೀನಿ. ಪೈಥಾನ್ 3.10, ಗುನಿಕಾರ್ನ್ (ಸೈಟ್ ಓಡಿಸೋ ಸರ್ವರ್ ಪ್ರೋಗ್ರಾಮ್), ಉಬುಂಟು. ಡಿಪ್ಲಾಯ್ ಅಂದ್ರೆ ಸರ್ವರ್‌ಗೆ ಹೋಗಿ ಗಿಟ್ ಪುಲ್ ಮಾಡಿ (ಹೊಸ ಕೋಡ್ ಎಳ್ಕೊಂಡು) ರೀಸ್ಟಾರ್ಟ್ ಕೊಡೋದು, ಅಷ್ಟೇ.

ಈ ಸಲ ‘ವರದಿ’ ಅನ್ನೋ ಆ್ಯಪ್ ಪೂರ್ತಿ ತೆಗೆದ್ವಿ. ಸೆಟ್ಟಿಂಗ್ಸ್‌ನಲ್ಲಿ ಮೊದಲಿಂದ ಒಂದು ಟ್ರೈ ಇದೆ: ವರದಿ ಇಂಪೋರ್ಟ್ ಆದ್ರೆ ಆ್ಯಪ್ ಪಟ್ಟಿಗೂ ಯುಆರ್‌ಎಲ್‌ಗೂ ಸೇರಿಸು, ಇಂಪೋರ್ಟ್ ಎರರ್ ಬಂದ್ರೆ ಬಿಡು ಅಂತ. ಹೊಸದಾಗಿ ಕ್ಲೋನ್ ಮಾಡಿದ ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡತ್ತೆ. ಸರ್ವರ್‌ನಲ್ಲಿ ಮಾತ್ರ ‘ವರದಿ.ಯುಆರ್‌ಎಲ್ಸ್ ಮಾಡ್ಯೂಲ್ ಇಲ್ಲ’ ಅಂತ ಬಿದ್ದುಹೋಗತ್ತೆ. ಅಲ್ಲೇ ಶೆಲ್ ತೆಗೆದು ‘ಇಂಪೋರ್ಟ್ ವರದಿ’ ಅಂದ್ರೆ ತಕರಾರೇ ಇಲ್ಲ! ಗಿಟ್ ಸ್ಟೇಟಸ್ ಎಲ್ಲಾ ಕ್ಲೀನ್ ಅನ್ನತ್ತೆ. ಹಳೇ ಪಿವೈಸಿ (ಪೈಥಾನ್ ಕಂಪೈಲ್ ಮಾಡಿಟ್ಟ ಫೈಲ್) ಓಡ್ತಿದ್ಯಾ?

ಕಮಾಂಡ್_ಕಾಳಪ್ಪ:
ಗಿಟ್‌ಗೆ ಸೇರದ ಫೈಲ್ ಅಳಿಸೋ ಗಿಟ್ ಕ್ಲೀನ್‌ಗೆ ಎಫ್, ಡಿ, ಚಿಕ್ಕ ಎಕ್ಸ್ ಮೂರೂ ಕೊಟ್ಟು ಹೊಡೀರಿ. ಎರಡು ಸೆಕೆಂಡ್ ಕೆಲಸ.

ಹಳೇ_ಸರ್ವರ್:
ಸ್ವಲ್ಪ ತಡೀರಿ ಸರ್, ಅದನ್ನ ಹೊಡೀಬೇಡಿ. ಚಿಕ್ಕ ಎಕ್ಸ್ ಅಂದ್ರೆ ಗಿಟ್ ಇಗ್ನೋರ್‌ನಲ್ಲಿ (ಗಿಟ್ ಲೆಕ್ಕಕ್ಕೆ ತಗೊಳ್ಳದ ಪಟ್ಟಿಯಲ್ಲಿ) ಇರೋದೂ ಹೋಗತ್ತೆ. ನಿಮ್ಮ ಡೇಟಾಬೇಸ್ ಪಾಸ್‌ವರ್ಡ್ ಇರೋ ಡಾಟ್ ಎನ್ವ್ ಫೈಲು, ಸದಸ್ಯರು ಅಪ್‌ಲೋಡ್ ಮಾಡಿದ ಮೀಡಿಯಾ ಫೋಲ್ಡರು ಬಹುಶಃ ಅಲ್ಲೇ ಇರ್ತವೆ. ದೊಡ್ಡ ಎಕ್ಸ್ ಹಾಕಿದ್ರೂ ಅವು ಉಳಿಯಲ್ಲ, ಯಾಕಂದ್ರೆ ಅದು ಹುಡುಕಿ ಅಳಿಸೋದೇ ಇಗ್ನೋರ್ ಆದದ್ದನ್ನ. ಯಾವುದಕ್ಕೂ ಮೊದಲು ‘ಎನ್’ ಕೊಟ್ಟು ಏನೇನು ಹೋಗತ್ತೆ ಅಂತ ಪಟ್ಟಿ ನೋಡಿ.

ಈಗ ನಿಮ್ಮ ಪ್ರಶ್ನೆ. ಹಳೇ ಪಿವೈಸಿ ಓಡ್ತಿಲ್ಲ. ಪೈಥಾನ್ 2ರಲ್ಲಿ ಪಿವೈಸಿ ಫೈಲು ಸೋರ್ಸ್ ಪಕ್ಕದಲ್ಲೇ ಕೂರ್ತಿತ್ತು. ಸೋರ್ಸ್ ಅಳಿಸಿದ್ರೂ ಅದು ಓಡೋದು. 3.2ರಿಂದ ಅದು ಪೈಕ್ಯಾಶ್ ಫೋಲ್ಡರ್ ಒಳಗೆ ಹೋಯ್ತು, ಸೋರ್ಸ್ ಇಲ್ಲದಿದ್ರೆ ಅಲ್ಲಿರೋದನ್ನ ಪೈಥಾನ್ ಮೂಸಿಯೂ ನೋಡಲ್ಲ.

ತಂಟೆ ಮಾಡ್ತಿರೋದು ಫೋಲ್ಡರು. ಗಿಟ್ ತನ್ನ ಫೈಲ್‌ಗಳನ್ನ ಮಾತ್ರ ತೆಗೀತು. ಒಳಗೆ ಪೈಕ್ಯಾಶ್ ಇದ್ದಿದ್ರಿಂದ ‘ವರದಿ’ ಫೋಲ್ಡರ್ ಖಾಲಿ ಆಗ್ಲಿಲ್ಲ, ಹಾಗೇ ಉಳೀತು. ಪೈಥಾನ್ 3.3ರಿಂದ ಇನಿಟ್ ಫೈಲ್ (ಫೋಲ್ಡರನ್ನ ಪ್ಯಾಕೇಜ್ ಅಂತ ಗುರುತಿಸೋ ಫೈಲ್) ಇಲ್ಲದ ಫೋಲ್ಡರೂ ನೇಮ್‌ಸ್ಪೇಸ್ ಪ್ಯಾಕೇಜ್ ಅಂತ ಇಂಪೋರ್ಟ್ ಆಗತ್ತೆ. ಹಾಗಾಗಿ ನಿಮ್ಮ ಟ್ರೈ ಪಾಸ್, ಯುಆರ್‌ಎಲ್ಸ್ ಹತ್ರ ಬಂದಾಗ ಫೇಲ್. ಶೆಲ್‌ನಲ್ಲಿ ವರದಿಯ ಫೈಲ್ ಆಟ್ರಿಬ್ಯೂಟ್ ಪ್ರಿಂಟ್ ಮಾಡಿ, ‘ನನ್’ (None, ಅಂದ್ರೆ ಏನೂ ಇಲ್ಲ) ಬರತ್ತೆ. ಗಿಟ್ ಸ್ಟೇಟಸ್‌ಗೆ ‘ಇಗ್ನೋರ್ಡ್’ ಆಪ್ಷನ್ ಕೊಟ್ರೆ ಆ ಫೋಲ್ಡರೂ ಕಾಣತ್ತೆ.

ಸದ್ಯಕ್ಕೆ ಆ ಒಂದು ಫೋಲ್ಡರ್ ಮಾತ್ರ ಕೈಯಾರೆ ಅಳಿಸಿ. ಟ್ರೈನಲ್ಲಿ ಬರೀ ವರದಿ ಬದಲು ‘ಫ್ರಮ್ ವರದಿ ಇಂಪೋರ್ಟ್ ಆ್ಯಪ್ಸ್’ ಅಂತ ಬರೀರಿ, ಖಾಲಿ ಫೋಲ್ಡರ್ ಅದನ್ನ ದಾಟಲ್ಲ. (ಸೆಟ್ಟಿಂಗ್ಸ್‌ನಲ್ಲಿ ಟ್ರೈ ಇಡೋದೇ ನನಗೆ ಹಿಡಿಸಲ್ಲ, ಅದು ಬೇರೆ ಮಾತು.)

ಬಯಲುಸೀಮೆ_ಬೈಟ್:
ಹೌದು ಸರ್, ‘ನನ್’ ಅಂತಲೇ ಬಂತು. ಫೋಲ್ಡರ್ ತೆಗೆದೆ, ಸೈಟ್ ಎದ್ದಿದೆ. ಪ್ರತಿ ಸಲ ಹೀಗೆ ಹುಡುಕಬೇಕಾ?

ಹಳೇ_ಸರ್ವರ್:
ಬೇಡ. ನೀವು 3.10ರಲ್ಲಿ ಇದ್ದೀರಿ. 3.8ರಿಂದ ಪೈಥಾನ್‌ಪೈಕ್ಯಾಶ್‌ಪ್ರಿಫಿಕ್ಸ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ ಇದೆ. ಸಿಸ್ಟಮ್‌ಡಿ ಯೂನಿಟ್‌ನಲ್ಲಿ (ಗುನಿಕಾರ್ನ್ ಶುರು ಮಾಡೋ ಸೆಟ್ಟಿಂಗ್ ಫೈಲ್‌ನಲ್ಲಿ) ಅದಕ್ಕೆ ಕೋಡ್‌ನಿಂದ ಹೊರಗಿನ ಒಂದು ಫೋಲ್ಡರ್ ಕೊಡಿ, ಗುನಿಕಾರ್ನ್ ಯೂಸರ್‌ಗೆ ಅಲ್ಲಿ ಬರೆಯೋ ಅನುಮತಿ ಇರಲಿ. ಪಿವೈಸಿ ಎಲ್ಲಾ ಅಲ್ಲಿಗೆ ಹೋಗತ್ತೆ. ಕೈಯಲ್ಲಿ ಮೈಗ್ರೇಟ್ (ಡೇಟಾಬೇಸ್ ಟೇಬಲ್ ಬದಲಿಸೋ ಕಮಾಂಡ್) ಓಡಿಸೋವಾಗಲೂ ಅದೇ ವೇರಿಯಬಲ್ ಇರಬೇಕು, ಇಲ್ಲಾಂದ್ರೆ ಆ ದಾರಿಯಿಂದ ಪೈಕ್ಯಾಶ್ ಮತ್ತೆ ಒಳಗೆ ಬರತ್ತೆ. ಈಗಾಗಲೇ ಇರೋ ಪೈಕ್ಯಾಶ್‌ಗಳನ್ನ ಒಂದ್ಸಲ ಫೈಂಡ್‌ನಲ್ಲಿ ಹುಡುಕಿ ತೆಗೀರಿ.

ಬಂಡಲ್_ಭಟ್ಟ:
ಒಂದು ಮಾತು ಸೇರಿಸ್ತೀನಿ. ಫ್ರಂಟ್‌ಎಂಡ್ ಇದ್ರೆ ಹಳೇದನ್ನ ತಕ್ಷಣ ಗುಡಿಸಬೇಡಿ. ಹೆಸರಲ್ಲಿ ಹ್ಯಾಶ್ (ಒಳಗಿನ ಕೋಡ್ ಬದಲಾದ್ರೆ ಬದಲಾಗೋ ಗುರುತು) ಇರೋ ಹಳೇ ಜೆಎಸ್ ತುಂಡುಗಳನ್ನ ತೆರೆದ ಟ್ಯಾಬ್‌ಗಳು ಇನ್ನೂ ಕೇಳ್ತಾ ಇರ್ತವೆ. ಕೌಂಟರ್‌ನಲ್ಲಿ ಬೆಳಿಗ್ಗೆ ಪೇಜ್ ತೆಗೆದವರು ಮಧ್ಯಾಹ್ನ ಹೊಸ ಮೆನು ಒತ್ತಿದ್ರೆ 404. ಇಂಥ ಫೈಲ್‌ಗಳನ್ನ ಒಂದು ಕಡೆ ಸೇರಿಸೋ ಕಲೆಕ್ಟ್‌ಸ್ಟ್ಯಾಟಿಕ್‌ಗೆ ಕ್ಲಿಯರ್ (ಮೊದಲು ಹಳೇದನ್ನ ಅಳಿಸು) ಕೊಡೋರು ಇದನ್ನ ಗಮನಿಸಿ.

ಹಳೇ_ಸರ್ವರ್:
ಸರಿಯಾದ ಮಾತು ಭಟ್ರೇ. ಕ್ಲಿಯರ್ ಬಿಟ್ಟು, ಹಳೇ ಜೆಎಸ್‌ನ ಒಂದು ವಾರ ಕಳೆದ ಮೇಲೆ ತೆಗೆದ್ರೆ ಸಾಕು.