ಅಧಿಕಾರಕ್ಕೆ ಅಧೀನರಾಗಿರುವವರು ಆಕ್ಷೇಪಣೆ ಸಲ್ಲಿಸಬಾರದೇ?

ಪ್ರಶ್ನೆ (ಧಾರವಾಡ ಜಿಲ್ಲೆಯ ಒಬ್ಬ ಸಭಾಸದಸ್ಯ)

ಕರ್ತನಲ್ಲಿ ಎಲ್ಲರಿಗೂ ವಂದನೆಗಳು. ನಮ್ಮ ಊರಿನ ರಸ್ತೆ ಅಗಲೀಕರಣಕ್ಕಾಗಿ ಚರ್ಚಿನ ಆವರಣದ ಒಂದು ಭಾಗವನ್ನು ಸ್ವಾಧೀನಪಡಿಸಿಕೊಳ್ಳಲು ಭೂಸ್ವಾಧೀನ ಕಾಯಿದೆಯಡಿ ಪ್ರಾಥಮಿಕ ಅಧಿಸೂಚನೆ ಹೊರಟಿದೆ. ಆಕ್ಷೇಪಣೆ ಸಲ್ಲಿಸೋಣವೆಂದು ಕೆಲವರು ಹೇಳಿದಾಗ ಸಭೆಯ ಹಿರಿಯರೊಬ್ಬರು ಸತ್ಯವೇದದಲ್ಲಿ (ಬೈಬಲಿನಲ್ಲಿ) ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ (ಪತ್ರದ) 13ನೆಯ ಅಧ್ಯಾಯವನ್ನು ಓದಿ, ಅಧಿಕಾರಕ್ಕೆ ಎದುರುನಿಲ್ಲುವವನು ದೇವರ ನೇಮಕಕ್ಕೇ ಎದುರುನಿಲ್ಲುತ್ತಾನೆಂದು ಪೌಲನು ಬರೆದಿರುವಾಗ ನಾವು ಸುಮ್ಮನಿರುವುದೇ ವಿಶ್ವಾಸಿಗಳಿಗೆ ತಕ್ಕದ್ದು ಎಂದರು. ಅದಕ್ಕೆ ಯುವಕರು, ಮನುಷ್ಯರಿಗಿಂತ ದೇವರಿಗೆ ವಿಧೇಯರಾಗಬೇಕೆಂದು ಪೇತ್ರನು ಹೇಳಿದ್ದನ್ನು (ಅಪೊಸ್ತಲರ ಕೃತ್ಯಗಳು 5:29) ಮುಂದಿಟ್ಟರು. ಎರಡೂ ವಾಕ್ಯಗಳನ್ನು ನಾನು ದೇವರ ಮಾತೆಂದು ನಂಬುತ್ತೇನೆ. ಆದರೆ ನಮ್ಮ ಜಮೀನಿನ ವಿಷಯಕ್ಕೆ ಎರಡನ್ನೂ ಅವಸರದಿಂದ ಅನ್ವಯಿಸಿದೆವೇನೋ ಎಂಬ ಕಳವಳ ನನಗಿದೆ. ವಿಧೇಯತೆಯ ಎಲ್ಲೆ ಯಾವುದು? ಅಧ್ಯಯನ ಮಾಡಿದವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ 1 (ಮಂಗಳೂರು, ಸತ್ಯವೇದ ಬೋಧಕ)

ಸಹೋದರರೇ, 13ನೆಯ ಅಧ್ಯಾಯವನ್ನು ಅದರ ಹಿಂದಿನ ಅಧ್ಯಾಯದಿಂದ ಕತ್ತರಿಸಿ ಓದುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ. ನೀವೇ ಮುಯ್ಯಿ ತೀರಿಸಬೇಡಿರಿ, ಕೇಡನ್ನು ಒಳ್ಳೆಯದರಿಂದ ಜಯಿಸಿರಿ ಎಂದು 12ನೆಯ ಅಧ್ಯಾಯ ಮುಗಿಯುತ್ತದೆ. ಆ ಮಾತಿನ ಬೆನ್ನಿಗೇ ಕೆಟ್ಟದ್ದನ್ನು ದಂಡಿಸುವ ಕೆಲಸವನ್ನು ದೇವರು ಅಧಿಕಾರಿಗೆ ಒಪ್ಪಿಸಿದ್ದಾನೆಂದು ಪೌಲನು ಹೇಳುತ್ತಾನೆ. ಅಂದರೆ ಇಲ್ಲಿ ನಿಷೇಧಿಸಿರುವುದು ಸೇಡನ್ನು ಮತ್ತು ದಂಗೆಯನ್ನು. ಈ ಪತ್ರಿಕೆ ಬರೆದದ್ದು ಕ್ರಿ.ಶ. 57ರ ಸುಮಾರಿಗೆ, ನೀರೋ ಚಕ್ರವರ್ತಿಯ ಕಾಲದಲ್ಲಿ. 58ರಲ್ಲಿ ತೆರಿಗೆ ವಸೂಲಿಗಾರರ ಅತಿರೇಕದ ಬಗ್ಗೆ ಜನರು ದೂರಿದ್ದನ್ನು ರೋಮಿನ ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಅಂಥ ಹೊತ್ತಿನಲ್ಲಿ, ತೆರಿಗೆ ಯಾರಿಗೆ ಸಲ್ಲಬೇಕೋ ಅವರಿಗೆ ಸಲ್ಲಿಸಿರಿ ಎಂಬ ಬುದ್ಧಿವಾದಕ್ಕೆ ಎಷ್ಟು ತೂಕವಿತ್ತೆಂಬುದನ್ನು ಊಹಿಸಬಹುದು.

ಇದನ್ನು ಬರೆದವನೇ ಹೇಗೆ ನಡೆದುಕೊಂಡನೆಂದು ನೋಡಿರಿ. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡಲು ನೋಡಿದಾಗ, ಅವರೇ ಬಂದು ನಮ್ಮನ್ನು ಹೊರಗೆ ಕರೆದುಕೊಂಡು ಹೋಗಲಿ ಎಂದು ಪೌಲನು ಪಟ್ಟುಹಿಡಿದನು. ಯೆರೂಸಲೇಮಿನಲ್ಲಿ ಕೊರಡೆಯಿಂದ ಹೊಡೆಯಲು ಕಟ್ಟಿದಾಗ ತಾನು ರೋಮಿನ ಪೌರನೆಂದು ಶತಾಧಿಪತಿಗೆ ನೆನಪಿಸಿದನು. ಕೈಸರೈಯದಲ್ಲಿ ರೋಮಿನ ದೇಶಾಧಿಪತಿ ಫೆಸ್ತನ ಮುಂದೆ ಕೈಸರನಿಗೇ, ಅಂದರೆ ಚಕ್ರವರ್ತಿಗೇ, ಮೇಲ್ಮನವಿ ಹೇಳಿಕೊಂಡನು. ಮೇಲ್ಮನವಿಯು ದೇವರ ನೇಮಕಕ್ಕೆ ಎದುರುನಿಲ್ಲುವುದಾಗಿದ್ದರೆ ಪೌಲನು ತನ್ನ ಪತ್ರಿಕೆಯನ್ನು ತಾನೇ ಮೀರಿದನೆಂದು ಹೇಳಬೇಕಾದೀತು, ಮತ್ತು ಹಾಗೆ ಹೇಳಲು ಆಧಾರವಿಲ್ಲ.

ಉತ್ತರ 2 (ಬೆಂಗಳೂರು, ವಕೀಲೆ)

ಮೇಲಿನ ಉತ್ತರಕ್ಕೆ ಕಾನೂನಿನ ಕಡೆಯಿಂದ ಒಂದು ಮಾತನ್ನು ಸೇರಿಸುತ್ತೇನೆ. 2013ರ ಭೂಸ್ವಾಧೀನ ಕಾಯಿದೆಯ 15ನೆಯ ಕಲಮಿನ ಪ್ರಕಾರ, ಪ್ರಾಥಮಿಕ ಅಧಿಸೂಚನೆ ಪ್ರಕಟವಾದ 60 ದಿನಗಳೊಳಗೆ ಆ ಜಮೀನಿನಲ್ಲಿ ಹಿತಾಸಕ್ತಿ ಉಳ್ಳ ಯಾರೇ ಆಗಲಿ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಜಿಲ್ಲಾಧಿಕಾರಿಗಳು ಅದನ್ನು ಕೇಳಲೇಬೇಕು. ಹೀಗೆ ಸರ್ಕಾರವೇ, ನಿಮ್ಮ ಮಾತೇನಿದ್ದರೂ ಹೇಳಿ ಎಂದು ಕಾನೂನಿನ ಮೂಲಕ ಕರೆಯುತ್ತಿರುವಾಗ, ಆ ಕರೆಗೆ ಓಗೊಡುವುದು ಅಧೀನತೆಯ ಒಂದು ರೂಪವೇ ಆಗುತ್ತದೆ. ಆಳುವವರನ್ನು ನಾವೇ ಆರಿಸುವ ಗಣರಾಜ್ಯದಲ್ಲಿ ಅಧಿಕಾರಿಯೂ ಸಂವಿಧಾನಕ್ಕೆ ಅಧೀನನೆಂಬುದನ್ನು ಮರೆಯಬಾರದು. ಆದರೆ ವಾದಿಸಿ ಸೋತರೆ, ಪರಿಹಾರ ಪಡೆದು ಜಾಗ ಬಿಟ್ಟುಕೊಡಲು ಸಭೆ ಸಿದ್ಧವಿರಬೇಕು. ಆವರಣದ ಗೋಡೆಗಾಗಿ ಪೇತ್ರನ ಮಾತನ್ನು ಎತ್ತುವುದು ನನಗೆ ಸರಿಕಾಣುವುದಿಲ್ಲ.

ಆ ಮಾತು ನಿಜವಾಗಿ ಸಲ್ಲುವ ಸಂದರ್ಭ ಬೇರೆ. ಕೇರಳದಲ್ಲಿ 1985ರಲ್ಲಿ ಯೆಹೋವನ ಸಾಕ್ಷಿಗಳ ಪಂಗಡದ ಮೂವರು ಮಕ್ಕಳನ್ನು ರಾಷ್ಟ್ರಗೀತೆ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲಾಯಿತು. ಗೀತೆ ನಡೆಯುವಾಗ ಅವರು ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಹಾಡುವುದನ್ನು ಮಾತ್ರ ಅವರ ನಂಬಿಕೆ ತಡೆಯುತ್ತಿತ್ತು. ಹೈಕೋರ್ಟಿನಲ್ಲಿ ಸೋತರೂ, 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸಂವಿಧಾನದ 19 ಮತ್ತು 25ನೆಯ ವಿಧಿಗಳನ್ನು ಆಧರಿಸಿ, ಅವರನ್ನು ಮರಳಿ ಶಾಲೆಗೆ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ಪಂಗಡದ ಬೋಧನೆಯನ್ನು ನಮ್ಮ ಸಭೆಗಳು ಒಪ್ಪುವುದಿಲ್ಲ, ರಾಷ್ಟ್ರಗೀತೆಯನ್ನು ನಾನು ಸಂತೋಷದಿಂದಲೇ ಹಾಡುತ್ತೇನೆ. ಆದರೂ ಆ ಮಕ್ಕಳು ಯಾರನ್ನೂ ಅವಮಾನಿಸದೆ, ಏನನ್ನೂ ಮುಚ್ಚಿಡದೆ, ಆಗುವ ನಷ್ಟವನ್ನು ಹೊತ್ತುಕೊಂಡು ನಿರಾಕರಿಸಿದ ರೀತಿ ನನಗೆ ಬಹಳ ಹಿರಿದಾಗಿ ಕಾಣುತ್ತದೆ.

ಉತ್ತರ 3 (ಮೈಸೂರು, ಸಭಾ ಇತಿಹಾಸದ ವಿದ್ಯಾರ್ಥಿ)

ಹಿರಿಯರ ವಾದವನ್ನು ಕೇಳಿದಾಗ ನನಗೆ ಜರ್ಮನಿಯ ನೆನಪಾಯಿತು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಅಲ್ಲಿನ ಅನೇಕ ಪ್ರಾಟೆಸ್ಟೆಂಟರು ಇದೇ 13ನೆಯ ಅಧ್ಯಾಯದ ಆಸರೆಯಲ್ಲಿ ಹೊಸ ಆಡಳಿತವನ್ನು ದೇವರ ನೇಮಕವೆಂದು ಸ್ವಾಗತಿಸಿದರು. ಅದಕ್ಕೆ ಪ್ರತಿಯಾಗಿ 1934ರ ಮೇ ಕೊನೆಯಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಸೇರಿದ ಸಭಾ ಪ್ರತಿನಿಧಿಗಳು ಒಂದು ಘೋಷಣೆಯನ್ನು ಅಂಗೀಕರಿಸಿದರು. ಅದರ ಐದನೆಯ ಅಂಶ, ದೇವರಿಗೆ ಭಯಪಡಿರಿ, ಅರಸನನ್ನು ಸನ್ಮಾನಿಸಿರಿ ಎಂಬ ಪೇತ್ರನ ಪತ್ರಿಕೆಯ ಮಾತಿನಿಂದ ಆರಂಭವಾಗುತ್ತದೆ. ನ್ಯಾಯವನ್ನೂ ಶಾಂತಿಯನ್ನೂ ಕಾಪಾಡುವ ಹೊಣೆಯನ್ನು ದೇವರು ರಾಜ್ಯಕ್ಕೆ ಕೊಟ್ಟಿದ್ದಾನೆಂದು ಕೃತಜ್ಞತೆಯಿಂದ ಒಪ್ಪಿಕೊಂಡು, ಆ ಹೊಣೆಯನ್ನು ಮೀರಿ ರಾಜ್ಯವು ಮನುಷ್ಯನ ಇಡೀ ಬದುಕಿಗೆ ತಾನೇ ಒಡೆಯನಾಗಬಹುದೆಂಬ ಬೋಧನೆಯನ್ನು ತಿರಸ್ಕರಿಸುತ್ತದೆ. ನೀವು ಕೇಳಿದ ಎಲ್ಲೆಯನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ಬೇರೊಂದು ಬರಹವನ್ನು ನಾನು ಓದಿಲ್ಲ.

ಆದರೆ ಆ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಮಾತೂ ಇಲ್ಲ. ಅದನ್ನು ಬರೆಯುವುದರಲ್ಲಿ ಮುಖ್ಯ ಪಾತ್ರ ವಹಿಸಿದ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಅವರೇ ಮುಂದೆ ಈ ಮೌನಕ್ಕಾಗಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಸಭೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಬಂದಾಗ ಎದ್ದು ನಿಂತವರು ನೆರೆಯವನ ಮೇಲೆ ಕೈಬಿದ್ದಾಗ ಅಷ್ಟೇ ಗಟ್ಟಿಯಾಗಿ ಮಾತಾಡಲಿಲ್ಲ. 13ನೆಯ ಅಧ್ಯಾಯವಾದರೋ ಅಧಿಕಾರಿಯ ವಿಷಯ ಮುಗಿಸಿದ ಕೂಡಲೇ ನೆರೆಯವನನ್ನು ಪ್ರೀತಿಸುವುದರ ಕಡೆಗೆ ತಿರುಗುತ್ತದೆ. ಆದ್ದರಿಂದ ನಿಮಗೆ ಒಂದು ಮರುಪ್ರಶ್ನೆ: ಆ ರಸ್ತೆಯಲ್ಲಿ ಜಾಗ ಕಳೆದುಕೊಳ್ಳುವವರು ನೀವು ಮಾತ್ರವೇ?

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಾವು ಮಾತ್ರವಲ್ಲ, ನಮ್ಮ ಗೋಡೆಗೆ ಹೊಂದಿಕೊಂಡಂತೆ ಒಂದು ಸೈಕಲ್ ರಿಪೇರಿ ಅಂಗಡಿ, ಹಿಟ್ಟಿನ ಗಿರಣಿ ಮತ್ತು ನಾಲ್ಕೈದು ಮನೆಗಳಿವೆ, ಅವರಲ್ಲಿ ಯಾರೂ ನಮ್ಮ ಸಭೆಯವರಲ್ಲ. ಈ ಉತ್ತರಗಳನ್ನು ಹಿರಿಯರ ಮುಂದೆ ಓದಿದೆ. ಪೌಲನ ಮೇಲ್ಮನವಿಯ ಪ್ರಸಂಗ ಬಂದಾಗ ಅವರು ಸ್ವಲ್ಪ ಹೊತ್ತು ಯೋಚಿಸಿ, ಅರ್ಜಿಯಲ್ಲಿ ಅಧಿಕಾರಿಗಳ ಬಗ್ಗೆ ಒಂದು ಒರಟು ಮಾತೂ ಇರಬಾರದು, ತೀರ್ಪು ನಮಗೆ ವಿರುದ್ಧವಾದರೆ ಯಾರೂ ಗೊಣಗಬಾರದು ಎಂಬ ಎರಡು ಷರತ್ತುಗಳ ಮೇಲೆ ಒಪ್ಪಿಕೊಂಡರು, ಎರಡೂ ನ್ಯಾಯವಾದವೇ. ಗಿರಣಿಯವರ ಬಳಿ ಪಹಣಿಯ ಪ್ರತಿಯೂ ಇಲ್ಲವಂತೆ. ಮೊದಲು ಅವರನ್ನು ತಹಸೀಲ್ದಾರ್ ಕಚೇರಿಗೆ ಕರೆದುಕೊಂಡು ಹೋಗಿ ಅದನ್ನು ಮಾಡಿಸಿಕೊಟ್ಟು, ಆಮೇಲೆ ಎಲ್ಲರ ಆಕ್ಷೇಪಣೆಗಳನ್ನೂ ಒಟ್ಟಿಗೆ ಸಲ್ಲಿಸುವುದೆಂದು ನಿಶ್ಚಯವಾಗಿದೆ.